ಒಂಬತ್ತನೆಯ ದಿನದ ನೀರು

ನಾನು ಒಂದು ಬಿಳಿಜೋಳದ ಗಿಡ. ಹಾಗೆ ಹೇಳಿಕೊಳ್ಳಲು ಈಗ ಸ್ವಲ್ಪ ನಾಚಿಕೆ. ಉಳಿದಿರುವುದು ಒಂದು ಒಣ ತೆನೆ ಮಾತ್ರ.

ಹುಟ್ಟಿದ್ದು ಹೊಲದಲ್ಲಲ್ಲ. ಧಾರವಾಡದ ಕಡೆಯ ಒಂದು ಸಂಶೋಧನಾ ಕೇಂದ್ರದ ಹಸಿರುಮನೆಯಲ್ಲಿ, ಪ್ಲಾಸ್ಟಿಕ್ ಕುಂಡದಲ್ಲಿ. ಬೀಜ ಕೊಟ್ಟವಳು ಅಲ್ಲಿ ಗಿಡಗಳಿಗೆ ನೀರು ಹಾಕುವ ಫಕ್ಕೀರವ್ವ. ಅವಳ ತವರಿನ ತಳಿ ನಾನು. "ಮಳಿ ಕೈ ಕೊಟ್ರೂ ಈ ಜ್ವಾಳ ಕೈ ಬಿಡ್ತಿರಲಿಲ್ಲರಿ ಬಾಯಾರ," ಎಂದು ಮಂದಾಕಿನಿಗೆ ಸೆರಗಿನ ಗಂಟು ಬಿಚ್ಚಿ ಕೊಟ್ಟಿದ್ದಳು. ಹಳೆಯ ಬೀಜ, ಮೊಳೆತವರು ನಾವು ಆರೇ ಮಂದಿ.

ನಮ್ಮನ್ನು ಬೆಳೆಸಿದವಳು ಪಿಎಚ್‌ಡಿ ಮಾಡುತ್ತಿದ್ದ ಈ ಮಂದಾಕಿನಿ. ಹುರುಪಿನ ಹುಡುಗಿ. ಯಾರೇ ಬರಲಿ, ನನ್ನೆದುರು ನಿಲ್ಲಿಸಿ ಪಾಠ ಶುರು. ನನ್ನ ಒಂದೊಂದು ಜೀವಕೋಶದಲ್ಲೂ ಸಾವಿರಾರು ಜೀನುಗಳಿವೆಯಂತೆ. ಎಲ್ಲ ಒಟ್ಟಿಗೆ ಕೆಲಸ ಮಾಡುವುದಿಲ್ಲ. ಮನೆಯ ದೀಪಗಳ ಹಾಗೆ, ಬೇಕಾದ್ದನ್ನು ಬೇಕಾದಾಗ ಹಚ್ಚುವ ಕೈಗಳಿವೆ. ಆ ಕೈಗಳು ಒಂದು ಬಗೆಯ ಪ್ರೋಟೀನುಗಳು. ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಎಂದು ಬಾಯಿ ತುಂಬುವ ಹೆಸರು. ಎಲೆ ಬಿಟ್ಟಿದ್ದು ಸಾಕು, ಇನ್ನು ತೆನೆ ಕಟ್ಟು ಎಂದು ಹೊತ್ತು ನೋಡಿ ಹೇಳುವವು ಅವೇ. ಮಣ್ಣು ಒಣಗಿದರೆ ಎಲೆಯ ಸಣ್ಣ ರಂಧ್ರಗಳನ್ನು ಮುಚ್ಚಿಸಿ, ಎಲೆಯನ್ನೇ ಸುರುಳಿ ಮಾಡಿಸಿ, ಇದ್ದ ನೀರನ್ನು ಉಳಿಸುವವೂ ಅವೇ. ನನ್ನ ತಳಿಯಲ್ಲಿ ಅಂಥದೊಂದು ಕೈ ಬಲು ಚುರುಕು ಎಂಬುದು ಅವಳ ಗುಮಾನಿ. ಸಾಬೀತು ಮಾಡಲು ಅವಳ ಅವಧಿಯಲ್ಲಿ ಉಳಿದದ್ದು ಅದೊಂದೇ ಹಂಗಾಮು. ಹತ್ತು ದಿನ ನೀರು ನಿಲ್ಲಿಸಿ, ಹತ್ತನೆಯ ಬೆಳಿಗ್ಗೆ ಎಲೆ ಕತ್ತರಿಸಿ ಪರೀಕ್ಷಿಸಬೇಕಿತ್ತು.

"ಈ ಆರಕ್ಕ ನೀರು ಹಾಕಬ್ಯಾಡವ್ವಾ," ಎಂದಳು ಫಕ್ಕೀರವ್ವನಿಗೆ. ಅಷ್ಟೇ. ಕಂಡಕಂಡವರಿಗೆಲ್ಲ ಪಾಠ ಹೇಳಿದವಳು, ಬೀಜ ಕೊಟ್ಟವಳಿಗೆ ಯಾಕೆಂದು ಹೇಳಲಿಲ್ಲ.

ಎಂಟನೆಯ ದಿನಕ್ಕೆ ಎಲೆಗಳು ಸುರುಳಿಯಾದವು. ನಾನು ಸಾಯುತ್ತಿರಲಿಲ್ಲ; ಬದುಕುವ ಕೆಲಸದಲ್ಲೇ ಮುಳುಗಿದ್ದೆ. ಆದರೆ ಫಕ್ಕೀರವ್ವನ ಕಣ್ಣಿಗೆ ಕಂಡದ್ದು ಸಾವು. ಒಂಬತ್ತನೆಯ ದಿನ ಮಧ್ಯಾಹ್ನ ಅವಳಿಗೆ ತಡೆಯಲಾಗಲಿಲ್ಲ. "ನಮ್ಮವ್ವನ ಜ್ವಾಳ ನನ್ನ ಕಣ್ಣ ಮುಂದ ಸಾಯಾಕ ಹತ್ತೇತಲ್ಲೋ ಶಿವನ," ಎಂದು, ಮೇಲಿನ ಮಣ್ಣು ತೋಯದಂತೆ ಆರೂ ಕುಂಡಗಳ ಅಡಿಯ ತಟ್ಟೆಗೆ ನೀರು ಸುರಿದಳು. ನಾನು ಕುಡಿದೆ. ಬೇಡವೆನ್ನಲು ಬೇರಿಗೆ ಬರುವುದಿಲ್ಲ. ಒಂದು ಹನಿ ಬಿಡದೆ ಕುಡಿದೆನಲ್ಲ, ಅದೇ ಇವತ್ತಿಗೂ ಚುಚ್ಚುತ್ತದೆ.

ಬೆಳಿಗ್ಗೆ ಎಲೆಗಳು ಬಿಚ್ಚಿಕೊಂಡಿದ್ದವು. "ಹತ್ತು ದಿನ ಆದ್ರೂ ಹೆಂಗ ನಿಂತಾವ ನೋಡು!" ಎಂದು ಮಂದಾಕಿನಿ ಕುಣಿದಾಡಿದಳು. ಮಣ್ಣಲ್ಲಿ ಎಷ್ಟು ನೀರು ಉಳಿದಿದೆಯೆಂದು ತಿಳಿಯಲು ದಿನಾ ಕುಂಡ ತೂಗುತ್ತಿದ್ದವಳು ಆ ಸಂಭ್ರಮದಲ್ಲಿ ಅಂದು ತೂಗಲೇ ಇಲ್ಲ.

ಪರೀಕ್ಷೆಯಲ್ಲಿ ಆ ಚುರುಕು ಕೈ ಕಾಣಲಿಲ್ಲ. ಹೇಗೆ ಕಂಡೀತು? ನೀರು ಬಂತೆಂದು ಅದು ಮಲಗಿತ್ತು. ಎಲೆ ಬಿಚ್ಚಿದ್ದಕ್ಕೆ ಮಣ್ಣಿನಲ್ಲಿ ಉಳಿದ ತೇವವೇ ಕಾರಣವಿರಬೇಕು ಎಂದರು ಅವಳ ಗೈಡ್. ಅವಳು ನನ್ನ ಕುಂಡದ ಪಕ್ಕವೇ ಕೂತು ಅತ್ತಳು. ನನಗೆ ಎಲ್ಲ ಗೊತ್ತಿತ್ತು.

ನಾನು ತೆನೆ ಕಟ್ಟಿ ಒಣಗಿದೆ. ಅವಧಿ ಮುಗಿದು ಹೊರಟ ದಿನ ಮಂದಾಕಿನಿ ನನ್ನನ್ನು ಫಕ್ಕೀರವ್ವನ ಕೈಗಿಟ್ಟಳು. "ನಿನ್ನ ಜ್ವಾಳದಾಗ ಅಂಥಾದ್ದೇನೂ ಸಿಗಲಿಲ್ಲವ್ವಾ. ಹತ್ತು ದಿನ ನೀರು ನಿಲ್ಲಿಸಿ ನೋಡಿದೆ."

"ಹತ್ತು ದಿನ ಎಲ್ಲೈತ್ರಿ ಬಾಯಾರ? ಒಂಬತ್ತಕ್ಕ ನಾ ನೀರು ಹಾಕೀನಲ್ರಿ. ಜೀವ ತಡೀಲಿಲ್ರಿ."

ಮಂದಾಕಿನಿ ಸ್ಟೂಲು ಎಳೆದು ಅವಳೆದುರು ಕೂತಳು. ಪ್ರಬಂಧ ಹಿಂದಿನ ವಾರವೇ ಬೈಂಡಾಗಿ ವಿಶ್ವವಿದ್ಯಾಲಯಕ್ಕೆ ಹೋಗಿತ್ತು. "ನಂದ ತಪ್ಪವ್ವಾ. ಒಂದ ಮಾತು ಹೇಳಿದ್ರ ನೀ ಹಾಕ್ತಿರಲಿಲ್ಲ," ಎಂದಳು. ಫಲಿತಾಂಶ ಬರೆದು ತಾನೇ ನನ್ನ ಕೊರಳಿಗೆ ಕಟ್ಟಿದ್ದ ಚೀಟಿ ಬಿಚ್ಚಲು ಅವಳಿಗೆ ನೆನಪಾಗಲಿಲ್ಲ.

ಈಗ ಫಕ್ಕೀರವ್ವನ ಅಡುಗೆಮನೆಯ ಜಂತಿಯಲ್ಲಿ ನೇತಾಡುತ್ತಿದ್ದೇನೆ, ಬೀಜಕ್ಕೆಂದು. ಚೀಟಿಯಲ್ಲಿ ಮಂದಾಕಿನಿಯ ದುಂಡಕ್ಷರ: 'ಬರ ತಡೆಯುವ ಗುಣ ಇಲ್ಲ.' ಫಕ್ಕೀರವ್ವನಿಗೆ ಓದಲು ಬರುವುದಿಲ್ಲ. ಬಾಯಾರು ಕಟ್ಟಿದ್ದೆಂದು ಅದಕ್ಕೆ ಹೊಗೆ ತಾಕದಂತೆ ಪ್ಲಾಸ್ಟಿಕ್ ಹಾಳೆ ಸುತ್ತಿದ್ದಾಳೆ.