ಹದಿನೇಳನೆಯ ಮೆಟ್ಟಿಲಿನ ಕೈಗುರುತು

ಹ್ಯಾಲ್‌ಬ್ರೂಕ್ ಕಾಲೇಜಿನ ಫುಟ್‌ಬಾಲ್ ಕ್ರೀಡಾಂಗಣವನ್ನು ಒಡೆದು ಹೊಸದು ಮಾಡುತ್ತಾರೆಂಬ ಸುದ್ದಿ ಪತ್ರಿಕೆಯಲ್ಲಿ ಬಂದ ದಿನ ವರ್ಲೀನ್ ಮೋಸ್ಲಿ ಊಟ ಬಿಟ್ಟಳು. ಎಪ್ಪತ್ತೆಂಟರ ಹೆಂಗಸು, ಮೂವತ್ತು ವರ್ಷ ಅದೇ ಕಾಲೇಜಿನ ಅಡುಗೆಮನೆಯಲ್ಲಿ ಬೆಂದವಳು. ಸುಮ್ಮಸುಮ್ಮನೆ ಊಟ ಬಿಡುವ ಪೈಕಿಯಲ್ಲ. ಆದರೆ ಒಡೆಯುವುದು ಪೂರ್ವದ ಗ್ಯಾಲರಿಯನ್ನು ಎಂದು ಬರೆದಿತ್ತು. ಆ ಗ್ಯಾಲರಿಯ ಹದಿನೇಳನೆಯ ಮೆಟ್ಟಿಲಿನಲ್ಲಿ ಅವಳಪ್ಪನ ಕೈಯಿತ್ತು.

ಅಪ್ಪ ಐಸಮ್ ಮೋಸ್ಲಿ 1949ರಲ್ಲಿ ಆ ಕಟ್ಟಡಕ್ಕೆ ಕಾಂಕ್ರೀಟ್ ಹೊತ್ತವನು. ಹೊತ್ತವರೆಲ್ಲ ಕಪ್ಪು ಜನವೇ. ಕಟ್ಟಿ ಮುಗಿದ ಮೇಲೆ ಅವರನ್ನು ಒಳಗೆ ಕೂರಲು ಬಿಡಲಿಲ್ಲ. ಆಗಿನ ಅಲಬಾಮಾದಲ್ಲಿ ದೊಡ್ಡವರಿಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಶನಿವಾರದ ಪಂದ್ಯಗಳನ್ನು ಅವರು ಬೇಲಿಯಾಚೆಯ ದಿಬ್ಬದ ಮೇಲೆ ನಿಂತು, ಬೇಯಿಸಿದ ಕಡಲೆಕಾಯಿ ಬಿಡಿಸುತ್ತ ನೋಡುತ್ತಿದ್ದರು. ಅಲ್ಲಿಂದ ಅರ್ಧ ಮೈದಾನವಷ್ಟೇ ಕಾಣುತ್ತಿತ್ತು. ಉಳಿದರ್ಧವನ್ನು ಒಳಗಿನವರ ಕೂಗು ಕೇಳಿ ಊಹಿಸಿಕೊಳ್ಳಬೇಕಿತ್ತು.

ಗುತ್ತಿಗೆದಾರರು ಹಸಿ ಕಾಂಕ್ರೀಟಿನಲ್ಲಿ ತಮ್ಮ ಹೆಸರು, ಇಸವಿ ಒತ್ತುವುದು ಆ ಕಡೆಯ ರೂಢಿ. ಥರ್ಲೋ ಗ್ಯಾಂಟ್ ಎಂಬ ಗುತ್ತಿಗೆದಾರನ ಹಿತ್ತಾಳೆ ಅಚ್ಚು ಹದಿನೇಳನೆಯ ಮೆಟ್ಟಿಲಿಗೆ ಬಿತ್ತು. ಮೇಸ್ತ್ರಿ ಅಚ್ಚು ಒತ್ತಿ ಅತ್ತ ತಿರುಗಿದ್ದೇ ತಡ, ಐಸಮ್ ಅದರ ಪಕ್ಕದಲ್ಲೇ ತನ್ನ ಎಡಗೈ ಊರಿಬಿಟ್ಟ. ಆ ಕೈಯ ಉಂಗುರದ ಬೆರಳು ಅರ್ಧವೇ ಇತ್ತು. ಇನ್ನರ್ಧವನ್ನು ಆರು ವಾರದ ಹಿಂದೆ ಗ್ಯಾಂಟನ ಕಾಂಕ್ರೀಟ್ ಕಲಸುವ ಯಂತ್ರ ನುಂಗಿತ್ತು. ಅದಕ್ಕೆ ಸಿಕ್ಕಿದ್ದು ಸುತ್ತಿಕೊಳ್ಳಲು ಒಂದು ಚಿಂದಿ, ಎರಡು ದಿನದ ರಜೆ.

ಕಪ್ಪು ಜನರನ್ನು ಒಳಗೆ ಬಿಡಲು ಶುರುಮಾಡಿದ ವರ್ಷ ಅಪ್ಪ ಹದಿನೆಂಟರ ಮಗಳನ್ನು ಕರೆದೊಯ್ದು ಅದನ್ನು ತೋರಿಸಿದ. "ಇದು ನಾನು" ಎಂದಷ್ಟೇ ಹೇಳಿದ. ಅಂದಿನಿಂದ ಪ್ರತಿ ವರ್ಷದ ಮೊದಲ ಪಂದ್ಯದ ದಿನ ವರ್ಲೀನ್ ಬಗ್ಗಿ, ಆ ಗುರುತಿನಲ್ಲಿ ಕೈಯಿಟ್ಟು, ಆಮೇಲೆ ಕೂರುತ್ತಿದ್ದಳು. ಹಿಂದಿನ ಸಾಲಿನವರು ಶೂ ಲೇಸು ಕಟ್ಟುತ್ತಿದ್ದಾಳೆ ಎಂದುಕೊಳ್ಳುತ್ತಿದ್ದರು. ಐಸಮ್ ಮೋಸ್ಲಿಯ ಹೆಸರು ಆ ಕಾಲೇಜಿನ ಯಾವ ಕಾಗದದಲ್ಲೂ ಇರಲಿಲ್ಲ. ಅವನು ಅಲ್ಲಿ ದುಡಿದದ್ದಕ್ಕೆ ಇದ್ದ ಸಾಕ್ಷಿ ಆ ಮೋಟು ಬೆರಳೊಂದೇ.

ಆ ಮೆಟ್ಟಿಲಿನಲ್ಲಿ ತನ್ನಪ್ಪನ ಕೈಯಿದೆ ಎಂದು ಅವಳು ನವೀಕರಣ ಸಮಿತಿಗೆ ಕಾಗದ ಬರೆದಳು. ತಮ್ಮ ಹೋಸೀಯ ಕೇಳಿ ನಕ್ಕ.

"ಸುಮ್ನಿರಕ್ಕ. ಅವ್ರು ಸಾಹುಕಾರ್ರು ಕೂತು ಪಂದ್ಯ ನೋಡೋಕೆ ಗಾಜಿನ ಕೋಣೆ ಕಟ್ತಿರೋದು ನಮ್ಮಪ್ಪನ ಕೈ ಕುಲುಕೋಕಲ್ಲ."

ಆದರೆ ಉತ್ತರ ಬಂತು, ಉತ್ತರದ ಹಿಂದೆಯೇ ಕಾಲೇಜು ಕಚೇರಿಯ ಲೆಸ್ಲಿ ವಿಟ್‌ಲಾಕ್ ಎಂಬಾಕೆಯೂ ಬಂದಳು. ಎರಡು ತಾಸು ಕೂತು, ಸಿಹಿಗೆಣಸಿನ ಪೈ ತಿಂದು, ಹೇಳಿದ್ದನ್ನೆಲ್ಲ ಬರೆದುಕೊಂಡಳು. ಆ ಮೆಟ್ಟಿಲನ್ನು ಹಾಗೇ ಕೊಯ್ದು ತೆಗೆದು, ಹೊಸ ಕಟ್ಟಡದಲ್ಲಿ ಎಲ್ಲರಿಗೂ ಕಾಣುವಂತೆ ಇಡುತ್ತೇವೆ ಎಂದಳು.

"ಹೆಸರು ಪೂರ್ತಿ ಹಾಕ್ಬೇಕಮ್ಮ" ಎಂದಳು ವರ್ಲೀನ್. "ಐಸಮ್ ಮೋಸ್ಲಿ ಅಂತ. ಬರೀ ಕೂಲಿಯವ್ರು ಅಂತ ಹಾಕ್ಬೇಡಿ."

ಲೆಸ್ಲಿ ಅದನ್ನೂ ಬರೆದುಕೊಂಡಳು. ಎಷ್ಟೋ ವರ್ಷಗಳ ಮೇಲೆ ವರ್ಲೀನಳಿಗೆ ಆ ಕಾಲೇಜಿನ ಮೇಲೆ ಒಂದಿಷ್ಟು ಪ್ರೀತಿ ಹುಟ್ಟಿತು. ಹುಟ್ಟಬಾರದಿತ್ತು.

ಎರಡು ವರ್ಷದ ನಂತರ, ಹೊಸ ಕ್ರೀಡಾಂಗಣದ ಮೊದಲ ಪಂದ್ಯಕ್ಕೆ ಆಹ್ವಾನ ಬಂತು. ಚರ್ಚಿಗೆ ಹಾಕುವ ನೇರಳೆ ಟೋಪಿ ಹಾಕಿಕೊಂಡು ತಮ್ಮನ ಜೊತೆ ಹೋದಳು. ಮೆಟ್ಟಿಲನ್ನು ಇಟ್ಟಿದ್ದುದು ನಾಲ್ಕನೆಯ ಮಹಡಿಯ ಗಾಜಿನ ಹಾಲ್‌ನಲ್ಲಿ. ಅಲ್ಲಿಗೆ ವಿಶೇಷ ಪಾಸ್ ಇದ್ದವರಿಗಷ್ಟೇ ಪ್ರವೇಶ. ಲಿಫ್ಟ್ ಬಳಿಯ ಕಾವಲಿನವನು ಪಟ್ಟಿಯಲ್ಲಿ ಅವಳ ಹೆಸರನ್ನು ಎರಡು ಸಲ ಹುಡುಕಿ, ಸಿಕ್ಕ ಮೇಲೆ ಒಳಗೆ ಬಿಟ್ಟ. ಎಲ್ಲರಿಗೂ ಕಾಣುವಂತೆ ಎಂದರೆ ಇದೇ ಇರಬೇಕು ಎಂದು ಹೋಸೀಯ ಗೊಣಗಿದ.

ಹಾಲ್‌ಗೆ ರಾಯ್ಸ್ ಗ್ಯಾಂಟ್‌ನ ಹೆಸರಿಟ್ಟಿದ್ದರು. ಥರ್ಲೋ ಗ್ಯಾಂಟನ ಮೊಮ್ಮಗ, ನವೀಕರಣದ ದೊಡ್ಡ ದಾನಿ. ಅವನೇ ಪರದೆ ಎಳೆದ. ಚಪ್ಪಾಳೆ ಬಿತ್ತು.

ಕಂಚಿನ ಫಲಕದಲ್ಲಿ ಬರೆದಿತ್ತು: 'ಈ ಕ್ರೀಡಾಂಗಣ ಕಟ್ಟಿದ ಥರ್ಲೋ ಗ್ಯಾಂಟ್ ಅವರ ಹಸ್ತ.' ವರ್ಲೀನ್ ಅದನ್ನು ಓದಿ ಕೈಗುರುತಿನ ಕಡೆ ನೋಡಿದಳು. ಐದೂ ಬೆರಳು ಪೂರ್ತಿ ಇದ್ದವು.

ಲೆಸ್ಲಿ ಪಕ್ಕಕ್ಕೆ ಬಂದು ತಗ್ಗಿದ ದನಿಯಲ್ಲಿ ಹೇಳಿದಳು: ತಾನು ಬರೆದದ್ದನ್ನೆಲ್ಲ ಸಮಿತಿಗೆ ಕೊಟ್ಟಿದ್ದಳಂತೆ. ಪಕ್ಕದಲ್ಲಿ ಗ್ಯಾಂಟ್ ಅಚ್ಚಿದ್ದುದರಿಂದ, ಅದು ಥರ್ಲೋನ ಕೈ ಎಂಬ ಆ ಮನೆಯವರ ಮಾತೇ ಸರಿ ಎಂದು ಸಮಿತಿ ಒಪ್ಪಿತಂತೆ. ಒಂದು ಬೆರಳು ಮಳೆಗಾಳಿಗೆ ಸವೆದು ಹೋಗಿದೆ ಎಂದು ದುರಸ್ತಿಯವನು ಉಳಿಯಲ್ಲಿ ಕೊರೆದು ಪೂರ್ತಿ ಮಾಡಿಕೊಟ್ಟನಂತೆ. ಎಷ್ಟು ಚೆನ್ನಾಗಿ ಮಾಡಿದ್ದನೆಂದರೆ ಹಳೆಯದಾವುದು, ಹೊಸದಾವುದು ಎಂದು ಹೇಳುವ ಹಾಗಿರಲಿಲ್ಲ.

ವರ್ಲೀನ್ ನೇರ ರಾಯ್ಸ್ ಗ್ಯಾಂಟ್ ಎದುರು ಹೋಗಿ ನಿಂತು, ಅದು ತನ್ನಪ್ಪನ ಕೈ, ಬೆರಳು ಅರ್ಧವಿತ್ತು ಎಂದಳು. ಅವನು ಕೋಪಿಸಿಕೊಳ್ಳಲಿಲ್ಲ. ಕೋಪಿಸಿಕೊಂಡಿದ್ದರೆ ಚೆನ್ನಾಗಿತ್ತು.

"ವಯಸ್ಸಾದ್ಮೇಲೆ ನೆನಪು ಕಲಸಿಹೋಗುತ್ತೆ, ಮಿಸ್ ವರ್ಲೀನ್" ಎಂದ ನಗುತ್ತಲೇ. "ನೀವೇ ನೋಡಿ. ಬೆರಳು ಐದೂ ಇದಾವಲ್ಲ."

"ನಿಮ್ಮಜ್ಜನ ಯಂತ್ರ ನಮ್ಮಪ್ಪನ ಬೆರಳು ತಿಂತು" ಎಂದಳು. "ಆ ಇಲ್ಲದ ಬೆರಳನ್ನಾದ್ರೂ ನಮಗೆ ಬಿಡಬಹುದಿತ್ತು."

ಕೆಳಗೆ ಮೈದಾನದಲ್ಲಿ ಬ್ಯಾಂಡ್ ಶುರುವಾದದ್ದು ಅಲ್ಲಿದ್ದವರಿಗೆಲ್ಲ ಅನುಕೂಲವೇ ಆಯಿತು. ಒಬ್ಬೊಬ್ಬರೇ ಗಾಜಿನ ಕಡೆ ತಿರುಗಿದರು. ಹೋಸೀಯ ಅಕ್ಕನ ತೋಳು ಹಿಡಿದು ಲಿಫ್ಟಿನತ್ತ ನಡೆಸಿದ.

ಲೆಸ್ಲಿ ಓಡಿಬಂದಳು. ಕಣ್ಣಲ್ಲಿ ನೀರಿತ್ತು. ಸಮಿತಿಯ ಅಧ್ಯಕ್ಷರನ್ನು ಈಗಷ್ಟೇ ಕೇಳಿದೆ, ಫಲಕವನ್ನು ತಿದ್ದಲು ಒಪ್ಪಿದ್ದಾರೆ, ಗ್ಯಾಂಟ್ ಹೆಸರಿನ ಕೆಳಗೆ ಐಸಮ್ ಮೋಸ್ಲಿ ಎಂದು ಪೂರ್ತಿ ಹೆಸರನ್ನೇ ಕೆತ್ತಿಸುತ್ತಾರೆ ಎಂದಳು. ನೀವು ಹೂಂ ಅಂದರೆ ಸಾಕು ಎಂದಳು.

ಇಡೀ ಜೀವಮಾನದಲ್ಲಿ ವರ್ಲೀನ್ ಆ ಕಾಲೇಜನ್ನು ಕೇಳಿದ್ದು ಅದೊಂದನ್ನೇ. ಲಿಫ್ಟಿನ ಬಾಗಿಲು ತೆರೆದು ಕಾಯುತ್ತಿತ್ತು. ಅವಳು ಹಿಂತಿರುಗಿ ಆ ಮೆಟ್ಟಿಲನ್ನು ಇನ್ನೊಮ್ಮೆ ನೋಡಿದಳು.

"ಬೇಡಮ್ಮ" ಎಂದಳು. "ಯಾರದೋ ಕೈ ಕೆಳಗೆ ನಮ್ಮಪ್ಪನ ಹೆಸರು ಹಾಕ್ಬೇಡಿ."