ವಿಭೂತಿ ಹಚ್ಚಿದ ಎಸೆತ

೧

ಎಲ್ಲಿಂದ ಶುರು ಮಾಡಲಿ? ವಿಘ್ನೇಶ್ವರನಿಗೆ ಕೈಮುಗಿದದ್ದಾಯಿತು, ಪೆನ್ನಿಗೂ ಕುಂಕುಮ ಇಟ್ಟದ್ದಾಯಿತು. ಮೊದಲ ವಾಕ್ಯ ಮಾತ್ರ ಹುಟ್ಟುತ್ತಿಲ್ಲ. "ಒಂದಾನೊಂದು ಊರಿನಲ್ಲಿ" ಎನ್ನೋಣವೆಂದರೆ ಈ ಊರಿಗೆ ಯೂಟ್ಯೂಬ್ ಚಾನೆಲ್ ಇದೆ. ಸರಿ, ಅದರಿಂದಲೇ ಶುರುವಾಗಲಿ.

ದೊಡ್ಡಬಳ್ಳಾಪುರದ ನರೇಶ ನಡೆಸುವ 'ಬಳ್ಳಾಪುರ ಬಿಸಿಬಿಸಿ' ಚಾನೆಲ್‌ನಲ್ಲಿ, ಹೊಸಕೋಟೆಯ ಕೀರ್ತನ ಎಂಬ ಹುಡುಗಿ ಬೇಸ್‌ಬಾಲ್ ಚೆಂಡೆಸೆದು ತೆಂಗಿನಕಾಯಿ ಒಡೆದಳು. ಜಿಲ್ಲೆಗೆ ಜಿಲ್ಲೆಯೇ ನೋಡಿತು. "ಹೊಸಕೋಟೆ ಎಕ್ಸ್‌ಪ್ರೆಸ್! ಸ್ಪೀಡು ನೂರಾ ನಲವತ್ತು!" ಎಂದು ನರೇಶ ಕೂಗಿದ. ಅಳೆದದ್ದು ಹೇಗಪ್ಪಾ ಎಂದರೆ, "ನನ್ನ ಬೈಕು ನೂರಿಪ್ಪತ್ತು ಹೋಗುತ್ತೆ ಗುರು. ಇದು ಅದಕ್ಕಿಂತ ಜೋರಾಗಿತ್ತು" ಎಂದ.

(ಬೇಸ್‌ಬಾಲ್ ಅರಿಯದವರಿಗೆ: ಕ್ರಿಕೆಟ್‌ನ ಬೌಲರ್ ಇದ್ದಂತೆ ಇಲ್ಲಿ ಪಿಚರ್. ಓಡಿಬರುವಂತಿಲ್ಲ, ದಿಬ್ಬದ ಮೇಲೆ ನಿಂತೇ ಎಸೆಯಬೇಕು. ಮೂರು ಎಸೆತ ನೇರ ಬಿದ್ದರೆ ಬ್ಯಾಟಿನವಳು ಔಟ್. ನಾಲ್ಕು ಆಚೆ ಹೋದರೆ ಅವಳಿಗೆ ಪುಕ್ಕಟೆ ದಾರಿ. ನನಗೆ ಗೊತ್ತಿರುವುದೂ ಇಷ್ಟೇ.)

೨

ಜಿಲ್ಲಾ ತಂಡಕ್ಕೆ ಹೊಸ ಪಿಚರ್ ಒಬ್ಬಳೇ ಬೇಕು. ಆಯ್ಕೆಯ ದಿನ ಕೀರ್ತನ ಮೂಗು ಮೇಲೆತ್ತಿಕೊಂಡು, ಯಾರನ್ನೂ ಮಾತಾಡಿಸದೆ...

"ತಾತ, ನಿಲ್ಲಿಸಿ. ನನ್ನ ಮೂಗು ಯಾಕೆ ಮೇಲೆತ್ತುತ್ತಿದ್ದೀರ?"

ಕಥೆಗೆ ಒಬ್ಬ ಕೆಟ್ಟವಳು ಬೇಕಮ್ಮ ಎಂದೆ.

"ನರೇಶನ್ನ ಇಟ್ಕೊಳ್ಳಿ. ಆ ತೆಂಗಿನಕಾಯಿ ಮೊದಲೇ ಬಿರುಕು ಬಿಟ್ಟಿತ್ತು ಅಂತ ನಾನು ಬಡ್ಕೊಂಡೆ. ಆ ಮಾತನ್ನ ಅವನು ವಿಡಿಯೋದಿಂದ ಕತ್ತರಿಸಿ ಹಾಕಿದ."

ಈ ಕರಡು ಹೋಯಿತು.

೨ (ಮತ್ತೆ)

ಆಯ್ಕೆಯ ದಿನ ಕೀರ್ತನ ಚೆನ್ನಾಗಿಯೇ ಎಸೆದು ಬಂದಳು. ಇನ್ನು ಭಾನುಪ್ರಿಯಾಳ ಸರದಿ. ತೂಬಗೆರೆಯ ದ್ರಾಕ್ಷಿ ತೋಟದಲ್ಲಿ, ಬಳ್ಳಿಗೆ ತಾಕದಂತೆ, ಕಂಬವನ್ನು ಸುತ್ತಿಹೋಗುವಂತೆ ಮಣ್ಣುಂಡೆ ಎಸೆದು ಹಕ್ಕಿ ಓಡಿಸಿ ಬೆಳೆದ ಕೈ ಅವಳದು. ಚೆಂಡು ನೇರ ಬಂದಂತೆ ಬಂದು, ಕೊನೆಗೆ ಏನೋ ಮರೆತುಬಂದವರ ಹಾಗೆ ಪಕ್ಕಕ್ಕೆ ತಿರುಗುತ್ತದೆ. ಅವಳ ಹೆಸರು ಮೈದಾನದಲ್ಲಿ ಯಾರಿಗೂ ಗೊತ್ತಿಲ್ಲ. ನರೇಶ ಎರಡು ಸಲ "ಸ್ವಲ್ಪ ಪಕ್ಕಕ್ಕೆ ಬಾಮ್ಮ, ಫ್ರೇಮ್‌ಗೆ ಅಡ್ಡ ಬರ್ತಿದ್ದೀಯ" ಎಂದಿದ್ದ.

ಈ ಸಲ ತಂಡಕ್ಕೆ ಸೇರದಿದ್ದರೆ ವಯಸ್ಸಿನ ಮಿತಿ ದಾಟುತ್ತದೆ. ಅವಳ ಕಣ್ಣಲ್ಲಿ ನೀರು...

"ನೀರು ಬೇಡ ತಾತ. ನನಗೆ ಬೆವರೋದು ಅಂಗೈ."

ನಿಜ. ಚೆಂಡು ಮೀನಿನ ಹಾಗೆ ಜಾರುತ್ತಿತ್ತು. ಎರಡು ಎಸೆತ ನೇರ ಬಿತ್ತು, ಮೂರು ಆಚೆ ಹೋಯಿತು. ಉಳಿದದ್ದು ಒಂದೇ.

ಆಗ ಬೇಲಿಯಾಚೆಯಿಂದ ಅವಳ ಅಜ್ಜಿ ಮುನಿಗಂಗಮ್ಮ ಬಂದೇಬಿಟ್ಟಳು, ಸೆರಗಿನ ಗಂಟು ಬಿಚ್ಚುತ್ತ. ಘಾಟಿ ಸುಬ್ರಹ್ಮಣ್ಯನ ವಿಭೂತಿ! ಮೊಮ್ಮಗಳ ಅಂಗೈಗೆ ತಿಕ್ಕಿದಳು. ಉಳಿದದ್ದನ್ನು ಭಕ್ತಿ ಉಕ್ಕಿ ಚೆಂಡಿಗೂ ಬಳಿದಳು.

"ಅಜ್ಜೀ! ಚೆಂಡಿಗೆ ಏನೂ ಹಚ್ಚಂಗಿಲ್ಲ!" ಅಂಪೈರ್ ಸಂಜೀವಪ್ಪ ಓಡಿಬಂದ. "ರೂಲ್ಸ್ ಇದೆ. ಒರೆಸಿ!"

"ದೇವರ ಪ್ರಸಾದ ಕಣಪ್ಪ. ಒರೆಸೋದಾದ್ರೆ ನಿನ್ನ ಕೈಯಿಂದ್ಲೇ ಒರೆಸು. ಆಮೇಲೆ ಸುಬ್ಬಪ್ಪನಿಗೆ ಲೆಕ್ಕ ನೀನೇ ಕೊಟ್ಕೊ."

ಸಂಜೀವಪ್ಪ ಚೆಂಡು ನೋಡಿದ, ಆಕಾಶ ನೋಡಿದ. ಮನೆಯಲ್ಲಿ ಮಗಳ ಮದುವೆ ಇತ್ತು. ಚೆಂಡಿನಿಂದಲೇ ಚೂರು ವಿಭೂತಿ ತೆಗೆದು ಹಣೆಗಿಟ್ಟುಕೊಂಡು, "ಪ್ಲೇ" ಎಂದ.

೪

(ಮೂರು ಎಲ್ಲಿ ಎಂದಿರಾ? ಮೂರರಲ್ಲಿ ಬೇಸ್‌ಬಾಲ್ ಇತಿಹಾಸ ಬರೆದಿದ್ದೆ. ನನ್ನ ಹೆಂಡತಿ ರುಕ್ಮಿಣಮ್ಮ ಬದುಕಿದ್ದಿದ್ದರೆ "ಇದನ್ನ ಯಾರ್ರೀ ಓದ್ತಾರೆ?" ಅನ್ನುತ್ತಿದ್ದಳು. ಅವಳ ಮಾತಿನಂತೆ ಹರಿದೆ.)

ಮುಕ್ತಾಯ ಒಂದು: ಚೆಂಡು ನೇರ ಬೀಳುತ್ತದೆ. ನರೇಶ ಕ್ಯಾಮೆರಾ ಹೊತ್ತು ಓಡಿಬಂದು "ತೂಬಗೆರೆ ತೂಫಾನ್!" ಎನ್ನುತ್ತಾನೆ.

"ಆಮೇಲೆ ಕೀರ್ತನಳಿಗೆ 'ಪಕ್ಕಕ್ಕೆ ಬಾಮ್ಮ' ಅಂತಾನೆ. ಬೇಡ," ಎಂದಳು ಭಾನುಪ್ರಿಯಾ.

ಮುಕ್ತಾಯ ಎರಡು: ಚೆಂಡು ಆಚೆ ಹೋಗುತ್ತದೆ. ಅವಳು ನಗುತ್ತಲೇ ಸೋಲನ್ನು ಒಪ್ಪಿ, ತೂಬಗೆರೆಯ ಬಸ್ಸು ಹತ್ತಿ...

"ನಿನ್ ಪೆನ್ನಿಗೆ ಮಣ್ಣಾಕ!" ಎಂದಳು ಮುನಿಗಂಗಮ್ಮ.

ಹಾಗಾದರೆ ನಡೆದದ್ದನ್ನೇ ಹೇಳಿಬಿಡುತ್ತೇನೆ.

ಭಾನುಪ್ರಿಯಾ ಎಸೆದಳು. ಕ್ಯಾಚರ್ ಮಮತಳ ಗ್ಲೌಸಿಗೆ ಚೆಂಡು ಬಡಿದದ್ದೇ ತಡ, ವಿಭೂತಿ ಮೋಡವಾಗಿ ಎದ್ದಿತು. ಅಂಪೈರ್ ಕಣ್ಣುಜ್ಜುತ್ತ "ಅಯ್ಯೋ ಸುಬ್ಬಪ್ಪಾ" ಎಂದು ಕುಳಿತುಬಿಟ್ಟ. ಬ್ಯಾಟಿನವಳು ಮುಖಕ್ಕೆ ಕೈ ಅಡ್ಡ ಹಿಡಿದಿದ್ದಳು.

"ಚೆಂಡು ಎಲ್ಲಿ ಬಿತ್ತಮ್ಮ?" ಎಂದ ಸಂಜೀವಪ್ಪ, ಕುಳಿತಲ್ಲಿಂದಲೇ.

"ಸೀನು ಬಂತು ಸಾರ್," ಎಂದಳು ಮಮತ. "ಗ್ಲೌಸ್ ಎಲ್ಲಿತ್ತೋ, ಎಲ್ಲಿಗೆ ಹೋಯ್ತೋ!"

ನರೇಶನ ಕ್ಯಾಮೆರಾ? ಅದು ಕೀರ್ತನ ಎಳನೀರು ಕುಡಿಯುವುದನ್ನು ಹಿಡಿಯುತ್ತಿತ್ತು. "ಸ್ಟ್ರಾನಲ್ಲೂ ಎಕ್ಸ್‌ಪ್ರೆಸ್ ಸ್ಪೀಡು!" ಎನ್ನುತ್ತಿದ್ದ. ಕೀರ್ತನ ಎಳನೀರನ್ನು ಅವನ ಕೈಗೆ ತುರುಕಿ, "ಥೂ, ಆ ಕಡೆ ತಿರುಗೋ ಲೇ! ಎಸೀತಿರೋಳು ಅವಳು!" ಎಂದಳು.

ಎಲ್ಲರೂ ನನ್ನ ಕಡೆ ತಿರುಗಿದರು. ಕಥೆ ಬರೆಯುವವನು ತಾನೇ, ನೋಡಿರಲೇಬೇಕು.

ನಾನು ಕಣ್ಣು ಮುಚ್ಚಿ, ಆ ಮಗುವಿಗೆ ಒಳ್ಳೆಯದು ಮಾಡಪ್ಪಾ ಎಂದು ಬೇಡಿಕೊಳ್ಳುತ್ತಿದ್ದೆ. ಇಂಥ ಹೊತ್ತಿನಲ್ಲಿ ಪಕ್ಕದಿಂದ ತಿವಿದು ಕಣ್ಣು ಬಿಡಿಸುವವಳು ಈಗ ಇಲ್ಲ.

"ಸರಿ, ಇನ್ನೊಂದ್ಸಲ ಎಸೆಯಮ್ಮ," ಎಂದ ಸಂಜೀವಪ್ಪ, ಮುಖಕ್ಕೆ ನೀರು ಚಿಮುಕಿಸಿಕೊಳ್ಳುತ್ತ.

ಭಾನುಪ್ರಿಯಾ ದಿಬ್ಬ ಹತ್ತಿದಳು. ಅಂಗೈಯಲ್ಲಿ ವಿಭೂತಿ ಇನ್ನೂ ಇತ್ತು. ನನ್ನ ಕಡೆ ನೋಡಿದಳು.

"ತಾತ, ದೇವರಿಗೆ ಆಗಲೇ ಹೇಳಿದ್ದೀರಲ್ಲ, ಸಾಕು. ಈಗ ನನ್ನ ನೋಡಿ."

ಕೈ ಹಿಂದಕ್ಕೆ ಹೋಯಿತು. ಓದುಗರೇ, ನೀವೂ ರೆಪ್ಪೆ ಬಡಿಯಬೇಡಿ.