ಓಡುವ ಬೆಲ್ಟು, ಸಡಿಲ ತೋಳು

ಅಮ್ಮನ ಅಂಗಿಯ ಬಲತೋಳು ಮತ್ತೆ ಜಾರಿತು. ಯಾರಿಗೂ ಹೇಳದೆ ನನ್ನೊಳಗೇ ಇಟ್ಟುಕೊಂಡ ಆತಂಕ ಇದು. ಹೇಳಿದರೆ ಜನ ನಗುವಷ್ಟು ಚಿಕ್ಕದು. ಹಿಟ್ಟಿನ ಧೂಳು ತಾಗದಿರಲೆಂದು ಅವಳು ಬಟ್ಟೆಯ ಮೇಲೆ ಚಿಕ್ಕಪ್ಪನ ಹಳೆಯ ಅಂಗಿಯೊಂದನ್ನು ತೊಡುತ್ತಾಳೆ. ತೋಳು ಅವಳಿಗೆ ಉದ್ದ. ಮೊಣಕೈವರೆಗೆ ಮಡಚಿಕೊಂಡರೂ ಅತ್ತಿತ್ತ ಓಡಾಡುವುದರೊಳಗೆ ಬೆರಳು ಮುಚ್ಚುವಷ್ಟು ಇಳಿದಿರುತ್ತದೆ. ಡೈರಿಯಲ್ಲಿ ಎಷ್ಟೋ ಸಲ ಬರೆದೆ. ಡೈರಿಯಲ್ಲಿ ಬರೆದರೆ ತೋಳು ಮೇಲೇರುತ್ತದೆಯೇ?

ನಮ್ಮದು ಹಿಟ್ಟಿನ ಗಿರಣಿ. ಅದನ್ನು ತಿರುಗಿಸುವುದು ಒಂದು ಹಳೆಯ ಭಾರಿ ಡೀಸೆಲ್ ಎಂಜಿನ್. ಮನೆಯವರೆಲ್ಲ ಅದನ್ನು ‘ಮುದುಕ’ ಎನ್ನುತ್ತೇವೆ. ಪ್ರಾಯದಲ್ಲಿ ಮುದುಕ ಸರಕಿನ ದೋಣಿ ನಡೆಸಿದವನು. ಆಮೇಲೆ ಮರ ಕೊಯ್ಯುವ ಮಿಲ್ಲಿನಲ್ಲಿ ಗರಗಸ ತಿರುಗಿಸಿದ. ಈಗ ನಮ್ಮಲ್ಲಿ ಕಾಳು ಬೀಸುತ್ತಾನೆ. ಅವನ ಚಕ್ರ ನನ್ನ ಎದೆಯೆತ್ತರ. ಆ ಚಕ್ರದಿಂದ ಬೀಸುವ ಕಲ್ಲಿನವರೆಗೆ ಅಂಗೈಯಗಲದ ಬೆಲ್ಟು ಓಡುತ್ತದೆ. ಸುತ್ತ ಜಾಲರಿ ಇರಲಿಲ್ಲ.

ಮುದುಕನದು ಒಂದೇ ಮೊಂಡುತನ. ಬೆಳಿಗ್ಗೆ ತಣ್ಣಗಿರುವಾಗ ಏಳುವುದಿಲ್ಲ. ಅಪ್ಪನೂ ಪಕ್ಕದ ಬಡಗಿಯೂ ಸೇರಿ ಹ್ಯಾಂಡಲ್ ತಿರುಗಿಸಿ ತಿರುಗಿಸಿ ಏದುಸಿರು ಬಿಡಬೇಕು. ಆಗ ಕೆಮ್ಮುತ್ತಾನೆ, ಕರಿಹೊಗೆ ಉಗುಳುತ್ತಾನೆ, ಆಮೇಲೆ ಹೊರಡುತ್ತಾನೆ. ಹಾಗಾಗಿ ನಮ್ಮಲ್ಲೊಂದು ಪದ್ಧತಿ ಬೆಳೆಯಿತು: ಒಮ್ಮೆ ಎದ್ದ ಮುದುಕನನ್ನು ಸಂಜೆವರೆಗೆ ನಿಲ್ಲಿಸುವಂತಿಲ್ಲ. ಎಣ್ಣೆ ಬಿಡುವುದು, ಒರೆಸುವುದು, ಬೆಲ್ಟು ಜಾರತೊಡಗಿದರೆ ಅದಕ್ಕೆ ಅಂಟು ಬರಲೆಂದು ರಾಳದ ಉಂಡೆ ಒತ್ತುವುದು, ಎಲ್ಲವೂ ಓಡುತ್ತಿರುವಾಗಲೇ.

ಹೋದ ಚಳಿಗಾಲದಲ್ಲಿ, ರಾಳ ಒತ್ತುತ್ತಿದ್ದ ಚಿಕ್ಕಪ್ಪನ ಬಲಗೈಯನ್ನು ಬೆಲ್ಟು ಎಳೆದುಕೊಂಡಿತು. ಭುಜದ ಕೆಳಗೆ ಏನೂ ಉಳಿಯಲಿಲ್ಲ. ಮನೆಯಲ್ಲಿ ಅದಕ್ಕೆ ಗ್ರಹಚಾರ ಎಂದು ಹೆಸರಿಟ್ಟರು. ಕಲ್ಲು ತೊಳೆದರು, ಗೋಡೆಗೆ ಸುಣ್ಣ ಬಳಿದರು, ಮುದುಕನನ್ನು ಮತ್ತೆ ಎಬ್ಬಿಸಿದರು. ರಾಳದ ಕೆಲಸ ಅಮ್ಮನ ಪಾಲಿಗೆ ಬಂತು.

ಅಮ್ಮನ ತೋಳು ಮತ್ತೆ ಜಾರಿದ ಆ ಮಧ್ಯಾಹ್ನ ಆಸ್ಪತ್ರೆಯ ನರ್ಸಮ್ಮ ಚಿಕ್ಕಪ್ಪನ ಗಾಯ ನೋಡಲು ಗಿರಣಿಗೇ ಬಂದಿದ್ದರು. ಬೆಲ್ಟು ಕಿರ್ರೆಂದಿತು.

“ಜಾರ್ತಿದೆ ನೋಡೇ, ರಾಳ ತಗೊಂಡು ಬಾ,” ಎಂದು ಅಪ್ಪ ಅಮ್ಮನನ್ನು ಕೂಗಿದರು.

“ಅಣ್ಣಾ, ಎಂಜಿನ್ ನಿಲ್ಲಿಸಿ ಹಾಕ್ಬಾರ್ದಾ?” ಎಂದರು ನರ್ಸಮ್ಮ.

“ನಿಲ್ಲಿಸೋದೇನೋ ಸುಲಭ. ಎಬ್ಬಿಸೋಕೆ ನೀವು ಬರ್ತೀರಾ? ಸೂಜಿ ಚುಚ್ಚಿದ್ರೆ ಏಳೋ ರೋಗಿ ಅಲ್ಲ ಇವನು.”

“ನಂಗೆ ಎಂಜಿನ್ ಗೊತ್ತಿಲ್ಲ ಅಣ್ಣಾ. ಗಾಯ ಗೊತ್ತು. ಇಂಥ ಗಾಯ ಹೊತ್ತು ಬರೋರು ಹೊಸಬರಲ್ಲ, ದಿನಾ ಮಾಡೋ ಕೆಲಸ ತಾನೇ ಅಂದವರೇ. ತೋಳಿನ ಅಂಚು ಸಿಕ್ಕಿದ್ರೆ ಸಾಕು, ಕೈ ಹಿಂದಕ್ಕೆ ತಗೊಳ್ಳೋಣ ಅನ್ನೋದ್ರೊಳಗೆ ಕೈಯೇ ಇರಲ್ಲ.”

“ಹಣೇಲಿ ಬರೆದಿದ್ದನ್ನ ಯಾರು ತಪ್ಪಿಸ್ತಾರೆ? ಬೇಕಾದ್ರೆ ನನ್ನ ತಮ್ಮನನ್ನೇ ಕೇಳಿ.”

ಮೂಟೆಗೆ ಒರಗಿದ್ದ ಚಿಕ್ಕಪ್ಪ ತಲೆ ಎತ್ತಲಿಲ್ಲ. “ನಾನೇನು ಹೇಳ್ಲಿ ಅಣ್ಣಾ? ಒಂದು ಕೈಲಿ ಚಪ್ಪಾಳೆ ಆಗಲ್ಲ.”



ಅಮ್ಮ ರಾಳ ಹಿಡಿದು ಬೆಲ್ಟಿನತ್ತ ಬಾಗಿದಳು. ಮಡಚಿದ ತೋಳು ಬಿಚ್ಚಿಕೊಂಡಿತು.

“ಅಪ್ಪಾ, ನಿಲ್ಸಿ,” ಎಂದೆ. ನನ್ನ ದನಿಯನ್ನು ಮುದುಕ ನುಂಗಿದ. ನನಗೂ ಕೇಳಿಸಲಿಲ್ಲ. ನಾನು ಅಮ್ಮನ ಅಂಗಿಯನ್ನು ಬೆನ್ನಿನ ಕಡೆಯಿಂದ ಹಿಡಿದು ಜಗ್ಗಿದೆ. ಆಮೇಲೆ ಗಂಟಲು ಹರಿಯುವಂತೆ ಕೂಗಿದೆ:

“ನಿಲ್ಸಿ! ಚಿಕ್ಕಪ್ಪನ ಕೈ ಗ್ರಹಚಾರದಿಂದ ಹೋಗಿದ್ದಲ್ಲ! ನಾವು ಎಂಜಿನ್ ನಿಲ್ಲಿಸ್ಲಿಲ್ಲ, ಅದಕ್ಕೇ ಹೋಯ್ತು!”

ಅಪ್ಪ ನನ್ನನ್ನು ನೋಡಿದರು, ಅಮ್ಮನ ತೋಳನ್ನು ನೋಡಿದರು. ಡೀಸೆಲ್ ನಿಲ್ಲಿಸುವ ಸನ್ನೆಕೋಲನ್ನು ಎಳೆದರು. ಚಕ್ರ ಒಲ್ಲದ ಮನಸ್ಸಿನಿಂದ ಇನ್ನಷ್ಟು ತಿರುಗಿ ನಿಂತಿತು. ನಿಂತ ಬೆಲ್ಟಿಗೆ ಅಮ್ಮ ರಾಳ ಉಜ್ಜಿದಳು.

ಬಡಗಿಯನ್ನು ಕರೆಯಲು ಹೊರಟ ಅಪ್ಪ, ಏನನ್ನಿಸಿತೋ, ಹಿಂದಿರುಗಿ ಒಬ್ಬರೇ ಹ್ಯಾಂಡಲ್ ಹಿಡಿದರು. ಬಿಸಿಯಾಗಿದ್ದ ಮುದುಕ ಎರಡೇ ಸುತ್ತಿಗೆ ಎದ್ದು ಕೂತ. ಮಟಮಟ ಮಧ್ಯಾಹ್ನ ಅವನನ್ನು ನಿಲ್ಲಿಸಿ ನೋಡಿದವರೇ ನಮ್ಮಲ್ಲಿ ಇರಲಿಲ್ಲ.

“ಇಷ್ಟೇನಾ ಅಣ್ಣಾ?” ಎಂದರು ಚಿಕ್ಕಪ್ಪ.

ಅಪ್ಪ ನೆಲದ ಮೇಲೆ ಕುಳಿತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು.

ಈಗ ಬೆಲ್ಟಿಗೆ ಬಡಗಿ ಮಾಡಿಕೊಟ್ಟ ಚೌಕಟ್ಟಿದೆ, ಅದಕ್ಕೆ ಬಿಗಿದ ಕಬ್ಬಿಣದ ಜಾಲರಿಯಿದೆ. ಅಮ್ಮ ಆ ಅಂಗಿಯ ತೋಳುಗಳನ್ನು ಕತ್ತರಿಸಿದಳು. ಊಟಕ್ಕೆ ಕೂತಾಗ ಚಿಕ್ಕಪ್ಪ ಇಲ್ಲದ ಕೈಯನ್ನು ಚಾಚಲು ಇನ್ನೂ ಬಲಗಡೆಗೇ ವಾಲುತ್ತಾರೆ.

ಮುದುಕನ ಬಳಗ ದೊಡ್ಡದು. ರೋಡ್ ರೋಲರಿನಲ್ಲಿ, ದೋಣಿಯಲ್ಲಿ, ಕಲ್ಲು ಪುಡಿ ಮಾಡುವಲ್ಲಿ, ನೀರೆತ್ತುವಲ್ಲಿ ಇಂದಿಗೂ ದುಡಿಯುತ್ತಿದೆ. ದುಡಿಯಲಿ. ಆದರೆ ಎಣ್ಣೆ ಬಿಡುವ ಮುನ್ನ, ಒರೆಸುವ ಮುನ್ನ, ಬೆಲ್ಟು ಮುಟ್ಟುವ ಮುನ್ನ ಎಂಜಿನ್ ನಿಲ್ಲಿಸಿ, ಚಕ್ರ ಪೂರ್ತಿ ನಿಲ್ಲುವವರೆಗೆ ಕಾಯಿರಿ. ಬೆಲ್ಟಿಗೆ ಜಾಲರಿ ಹಾಕಿಸಿ. ಸಡಿಲ ಬಟ್ಟೆ, ಬಿಚ್ಚಿದ ಕೂದಲು ಹತ್ತಿರ ಸುಳಿಯದಿರಲಿ. ನಿಮ್ಮ ಮನೆಯಲ್ಲೂ ಯಾರಾದರೂ ಓಡುವ ಬೆಲ್ಟಿಗೆ ಕೈ ಚಾಚುತ್ತಿದ್ದರೆ, ನೀವು ನನ್ನಂತೆ ಮೆಲುದನಿಯವರೇ ಆದರೂ ಸರಿ, ಎಂಜಿನ್ನಿಗಿಂತ ಜೋರಾಗಿ ಒಂದೇ ಒಂದು ಸಲ ಹೇಳಿ:

“ನಿಲ್ಸಿ!”